ಡಬ್ಬಿಯಲ್ಲಿ ಹೊರಟ ಉಗಿ ಸುತ್ತಿಗೆ

ಊಟದ ಡಬ್ಬಿಗೆ ಹತ್ತಿ ತುಂಬಿ, ನಡುವೆ ಒಂದು ಉಗಿ ಸುತ್ತಿಗೆಯನ್ನು ಮಲಗಿಸಿಕೊಂಡು ಬೆಂಗಳೂರಿನಲ್ಲಿ ಶಿವಮೊಗ್ಗದ ರೈಲು ಹತ್ತಿದೆ. ಉಗಿಯ ಬಲದಿಂದ ಭಾರ ಎತ್ತಿ ಕಾದ ಕಬ್ಬಿಣವನ್ನು ಬಡಿಯುವ ಯಂತ್ರದ ಮಾದರಿ ಅದು, ಎತ್ತರ ಐದು ಸೆಂಟಿಮೀಟರ್. ನನ್ನ ಮಾದರಿ ರೈಲುಮಾರ್ಗದ ಪ್ರಮಾಣ 87ಕ್ಕೆ 1. ಅಂದರೆ ಅಸಲಿ ಯಂತ್ರ ನಾಲ್ಕೂಕಾಲು ಮೀಟರಿಗೂ ಎತ್ತರ, ಅದರ ಪಕ್ಕದಲ್ಲಿ ನಿಂತ ಕೆಲಸಗಾರ ನನ್ನ ಮೇಜಿನ ಮೇಲೆ ಎರಡು ಸೆಂಟಿಮೀಟರೂ ಇಲ್ಲ. ಸಿಲಿಂಡರಿಗೆ ಇಂಜೆಕ್ಷನ್ ಸಿರಿಂಜಿನ ತುಂಡು, ಉಗಿ ಕೊಳವೆಗೆ ಬಾಲ್‌ಪೆನ್ನಿನ ಖಾಲಿ ರೀಫಿಲ್, ಕಮಾನಿಗೆ ಪ್ಲಾಸ್ಟಿಕ್ ಹಾಳೆ. ಎದುರು ಸೀಟಿನ ಹಿರಿಯರು ಬೀರೂರಿನವರೆಗೂ ಡಬ್ಬಿಯನ್ನೇ ನೋಡುತ್ತಿದ್ದು, ಕೊನೆಗೆ ತಡೆಯಲಾರದೆ "ಕಡುಬೇ?" ಎಂದರು. ಮುಚ್ಚಳ ತೆಗೆದು ತೋರಿಸಿದೆ. ಅವರು ಕಿಟಕಿಯ ಕಡೆ ತಿರುಗಿದರು.

ಮಾದರಿ ರೈಲು ಕಟ್ಟುವವರು ಸಾಮಾನ್ಯವಾಗಿ ಒಂದು ನಿಲ್ದಾಣ, ಒಂದು ಸುರಂಗ, ಗುಡ್ಡದ ಮೇಲೊಂದು ಗುಡಿ ಮಾಡುತ್ತಾರೆ. ನನಗೆ ಫೋರ್ಜ್ ಶಾಪ್, ಅಂದರೆ ಕಾದ ಕಬ್ಬಿಣ ಬಡಿಯುವ ಕಾರ್ಖಾನೆ ಬೇಕಾಗಿತ್ತು. ಇದು ಬರೀ ಹಟವಲ್ಲ. ರೈಲಿನ ಗಾಲಿಗಳನ್ನು ಜೋಡಿಸುವ ಅಚ್ಚು ಹುಟ್ಟುವುದೇ ಬಡಿತದಿಂದ. ಯಲಹಂಕದಲ್ಲಿ 1984ರಿಂದ ನಡೆಯುತ್ತಿರುವ ಗಾಲಿ ಕಾರ್ಖಾನೆಯಲ್ಲಿ ಗಾಲಿಯನ್ನು ಎರಕ ಹೊಯ್ಯುತ್ತಾರೆ, ಅಚ್ಚನ್ನು ಮಾತ್ರ ನಾಲ್ಕು ಕಡೆಯಿಂದ ಏಕಕಾಲಕ್ಕೆ ಹೊಡೆಯುವ ಯಂತ್ರದಲ್ಲಿ ಬಡಿದು ಉದ್ದ ಮಾಡುತ್ತಾರೆ. ಉಗಿ ಸುತ್ತಿಗೆಯ ಕಥೆಯೂ ಅಚ್ಚಿನದೇ. 1839ರಲ್ಲಿ ಜೇಮ್ಸ್ ನಾಸ್ಮಿತ್ ಅದರ ಚಿತ್ರ ಬರೆದದ್ದು 'ಗ್ರೇಟ್ ಬ್ರಿಟನ್' ಹಡಗಿನ ನೀರು ತಳ್ಳುವ ಪಕ್ಕದ ಚಕ್ರಗಳಿಗೆ ಬೇಕಾದ ದೈತ್ಯ ಅಚ್ಚಿಗಾಗಿ. ಹಡಗಿನವರು ಚಕ್ರ ಬಿಟ್ಟು ಪ್ರೊಪೆಲರ್ ಹಾಕಿದರು, ಅಚ್ಚು ಬೇಡವಾಯಿತು. ಸುತ್ತಿಗೆ ಮಾತ್ರ ಜಗತ್ತಿಗೆ ಉಳಿಯಿತು.

ಭದ್ರಾವತಿಯಲ್ಲಿ ಇಳಿದೆ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಲ್ಲಿ ಕರಗಿಸಿ 1923ರಲ್ಲಿ ಕಬ್ಬಿಣ ತೆಗೆಯಲು ತೊಡಗಿದ ಊರು ಇದು. ಕಾರ್ಖಾನೆಯ ಗೇಟನ್ನು ಹೊರಗಿನಿಂದಲೇ ನೋಡಿದೆ. ನಾನು ನೋಡಬೇಕಾಗಿದ್ದದ್ದು ಹೆಂಡತಿಯ ಚಿಕ್ಕಪ್ಪನನ್ನು. ಮಾವ ಹರೆಯದಲ್ಲಿ ಹ್ಯಾಮರಿನ ಮುಂದೆ ನಿಂತು ದುಡಿದವರು. ಈಗ ಕಿವಿ ಮಂದ.

ಕಾಫಿ ಆರುವವರೆಗೂ ಅವರು ಮಾತಾಡಲಿಲ್ಲ. ಕನ್ನಡಕ ಏರಿಸಿ, ಸುತ್ತಿಗೆಯನ್ನು ಅಂಗೈಯಲ್ಲಿಟ್ಟು, ಬೆರಳ ತುದಿಯಿಂದ ಪಿಸ್ಟನ್ ಎತ್ತಿ ಇಳಿಸಿದರು. ಸಿರಿಂಜು ಸಣ್ಣಗೆ ಉಸಿರು ಬಿಟ್ಟಿತು. ಹೊಗಳುತ್ತಾರೆಂದು ಕಾದೆ.

"ಅಳಿಯಂದಿರೇ, ಅಡಿಗಲ್ಲು ಕಂಬಕ್ಕೆ ಅಂಟಿಕೊಂಡಿದೆಯಲ್ಲ."

ನಿಜ. ಅಂಟು ಹಾಕಲು ಸುಲಭವಾಗಲೆಂದು, ಕಾದ ಕಬ್ಬಿಣವನ್ನಿಟ್ಟು ಬಡಿಯುವ ಆ ಅಡಿಗಲ್ಲನ್ನೂ ಕಂಬವನ್ನೂ ಒಂದೇ ಬಿಲ್ಲೆಯ ಮೇಲೆ ಕೂರಿಸಿದ್ದೆ.

"ಇಂಥ ಹ್ಯಾಮರಿನಲ್ಲಿ ಕಮಾನು ಬೇರೆ, ಅಡಿಗಲ್ಲು ಬೇರೆ. ಅದಕ್ಕೆ ಅದರದೇ ಪಾಯ, ಇದಕ್ಕೆ ಇದರದೇ ಪಾಯ. ಬೆಸೆದರೆ ಏಟೆಲ್ಲ ಕಂಬಕ್ಕೆ ಹತ್ತಿ ಬಿರುಕು ಬಿಡುತ್ತದೆ. ಬೀಳುವ ತೂಕದ ಹತ್ತು ಹದಿನೈದು ಪಟ್ಟು ತೂಕದ ಅಡಿಗಲ್ಲು, ಅದರ ಕೆಳಗೆ ಮರದ ದಿಮ್ಮಿಗಳ ಹಾಸು. ಹಳ್ಳಿಯ ಕುಲುಮೆಯಲ್ಲೂ ಅಡಿಗಲ್ಲನ್ನು ಮರದ ಕೊರಡಿನ ಮೇಲೆ ತಾನೇ ಕೂರಿಸುತ್ತಾರೆ? ನೀವು ಮಾಡಿದ್ದೆಲ್ಲ ನೆಲದ ಮೇಲಿನದು."

ಮೊಬೈಲಿನಲ್ಲಿ ಮನೆಯ ಮೇಜಿನ ಚಿತ್ರ ತೋರಿಸಿದೆ. ಬಿಳಿ ಎಲ್‌ಇಡಿಗಳಿಂದ ಫೋರ್ಜ್ ಶಾಪ್ ಮದುವೆ ಮನೆಯಂತೆ ಹೊಳೆಯುತ್ತಿತ್ತು. ಅವರು ನಕ್ಕೇಬಿಟ್ಟರು. ಇಷ್ಟು ಬೆಳಕಿದ್ದರೆ ಕಾದ ಉಕ್ಕಿನ ಬಣ್ಣ ತಿಳಿಯುವುದು ಹೇಗೆ? ಹಳದಿ ಇರುವಾಗ ಹೊಡೆಯಬೇಕು, ಮಂಕು ಕೆಂಪಿಗೆ ಇಳಿದರೆ ಮತ್ತೆ ಕುಲುಮೆಗೆ. ಮಂದ ಬೆಳಕಿನಲ್ಲೇ ಅದು ಕಣ್ಣಿಗೆ ಸರಿಯಾಗಿ ಸಿಗುವುದು. ನೆಲವೂ ಅವರಿಗೆ ಹಿಡಿಸಲಿಲ್ಲ: ಪ್ರತಿ ಏಟಿಗೂ ಉದುರುವ ಕಪ್ಪು ಸಿಪ್ಪೆ ಎಲ್ಲಿ? ಒಣಗಿದ ಚಹಾ ಚರಟ ಉದುರಿಸಲೇ ಎಂದೆ. ಅದಕ್ಕೆ ಉತ್ತರ ಕೊಡಲಿಲ್ಲ.

ಕೊನೆಗೆ ಕೆಲಸಗಾರನ ಗೊಂಬೆ. ಅವನ ಕೈಗಳು ಪಕ್ಕದಲ್ಲಿ ಜೋತುಬಿದ್ದಿದ್ದವು. ಹ್ಯಾಮರ್ ಓಡಿಸುವವನು ನೋಡುವುದು ಕಬ್ಬಿಣವನ್ನಲ್ಲ, ಮೇಸ್ತ್ರಿಯ ಕೈಯನ್ನು ಎಂದರು ಮಾವ. ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಮೆಲ್ಲಗೆ, ಜೋರಾಗಿ, ನಿಲ್ಲು, ಎಲ್ಲವೂ ಕೈಯಲ್ಲೇ. ಹೇಳುತ್ತಾ ಅವರ ಬಲಗೈ ತಾನಾಗಿಯೇ ಮೇಲೆದ್ದು, ಅಂಗೈ ಕೆಳಮುಖವಾಗಿ ಎರಡು ಬಾರಿ ಆಡಿತು. 87ಕ್ಕೆ 1ರಲ್ಲಿ ಆ ಅಂಗೈ ಎರಡು ಮಿಲಿಮೀಟರ್.

ಮಾನ ಉಳಿಸಿಕೊಳ್ಳಲು ನಾನೂ ಒಂದು ಲೆಕ್ಕ ಬಿಟ್ಟೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1955ರಲ್ಲಿ ಕೆಲಸ ಶುರು ಮಾಡಿದ ಮೆಸ್ಟಾ ಪ್ರೆಸ್ ಇದೆ, ಬಡಿಯದೆ ಒತ್ತಿಯೇ ಲೋಹಕ್ಕೆ ರೂಪ ಕೊಡುವ ಯಂತ್ರ. ಅದರ ಒತ್ತಡ 50,000 ಟನ್, ಎತ್ತರ 87 ಅಡಿ. ನಮ್ಮ ಪ್ರಮಾಣದಲ್ಲಿ ಸರಿಯಾಗಿ ಒಂದು ಅಡಿ! ಬೇಕೆಂದೇ ಅಳತೆ ಕೊಟ್ಟು ಮಾಡಿಸಿದಂತಿದೆ. ಅದರಲ್ಲಿ 36 ಅಡಿ ನೆಲದ ಕೆಳಗಿದೆ ಎಂದು ಬಾಯ್ತಪ್ಪಿ ಹೇಳಿದೆ.

"ಮತ್ತೆ?" ಎಂದರು ಮಾವ. ಅಂದರೆ ಐದು ಇಂಚು ಮೇಜಿನ ಅಡಿಗೆ ಹೋಗಬೇಕು.

ಮರುದಿನ ಶಿವಮೊಗ್ಗದಿಂದ ತಾಳಗುಪ್ಪದ ರೈಲು. ಹಿಂದೆ ಇದು ಮೀಟರ್ ಗೇಜ್, ರೈಲುಬಸ್ ಓಡುತ್ತಿದ್ದ ದಾರಿ. ಈಗಿನ ಬ್ರಾಡ್‌ಗೇಜಿನ ಹಳಿಗಳ ನಡುವಿನ ಅಂತರವನ್ನು 87ರಿಂದ ಭಾಗಿಸಿದರೆ 19.3 ಮಿಲಿಮೀಟರ್ ಬರುತ್ತದೆ; ಅಂಗಡಿಯಲ್ಲಿ ಸಿಗುವ ಹಳಿ ವಿದೇಶದ ಗೇಜಿಗೆ ಹೊಂದುವ 16.5. ನಮ್ಮವರು ಮೇಜಿನ ಮೇಲೆ ಓಡಿಸುವ ರೈಲು ಮೊದಲ ಹಳಿಯಿಂದಲೇ ಒಂದು ಸಣ್ಣ ಸುಳ್ಳು. ಅರಸಾಳು, ಆನಂದಪುರ ದಾಟುವಾಗ ಮಳೆ ಹಿಡಿಯಿತು.

ಸಾಗರದಲ್ಲಿ ಇಳಿದದ್ದು ಗುಡಿಗಾರರನ್ನು ಹುಡುಕಿಕೊಂಡು. ಶ್ರೀಗಂಧದ ಕುಸುರಿಗೆ ಹೆಸರಾದವರು. ಇಷ್ಟು ಚಿಕ್ಕ ಅಡಿಗಲ್ಲನ್ನು ಮೂಲೆ ಚೂಪಾಗಿ ಕೆತ್ತುವುದು ನನ್ನ ಕೈಯಲ್ಲಿ ಆಗದ ಮಾತು. ನಡುವಯಸ್ಸಿನ ಗುಡಿಗಾರರೊಬ್ಬರು ಮಾದರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಎರಡು ಕಾಲಿನ ಕಮಾನು, ನಡುವೆ ಪೀಠದಂಥ ದಿಬ್ಬ.

"ಇದು ಯಾವ ದೇವರಿಗೆ?" ಎಂದರು, ಗಂಭೀರವಾಗಿಯೇ.

ವಿವರಿಸಿದೆ. ಅಡಿಗಲ್ಲು ಕಮಾನಿಗೆ ತಾಗಬಾರದು ಎಂದಾಗ ಅವರಿಗೆ ಇನ್ನೇನೂ ಹೇಳಬೇಕಾಗಲಿಲ್ಲ. "ಪ್ರಭಾವಳಿ ಬೇರೆ, ಪೀಠ ಬೇರೆ. ಹಾಗೇ ಅಲ್ಲವೇ?" ಎಂದು ಶಿವನಿ ಮರದ ಒಂದು ತುಂಡು ಹುಡುಕಿದರು. ಮೊದಲು ಕೆಳಗಿನ ಅಗಲ ಮೆಟ್ಟಿಲು, ಮೇಲೆ ಕಿರಿದಾಗುತ್ತ ಇನ್ನೆರಡು, ತುದಿಯಲ್ಲಿ ಕಡಲೆಕಾಳಿನಷ್ಟು ಸಮತಟ್ಟು. ಉಳಿಯ ಮೊನೆಯಿಂದ ಎದ್ದ ಹೊಟ್ಟನ್ನು ಊದಿ, ಬುಡದಲ್ಲಿ ನಾನು ಕೇಳದೆಯೇ ಅರ್ಧ ಇಂಚಿನ ಗೂಟವನ್ನೂ ಬಿಟ್ಟಿದ್ದರು, ಮೇಜಿನೊಳಗೆ ಇಳಿಯಲು. ಒಂದು ಗಂಟೆಯ ಕೆಲಸ. ಚೌಕಾಸಿ ಮಾಡಲು ಮನಸ್ಸಾಗಲಿಲ್ಲ.

ಇದಕ್ಕೆ ಕಪ್ಪು ಬಣ್ಣ ಬಳಿದು, ಮೇಲೆ ತುಕ್ಕು ಹಚ್ಚುತ್ತೇನೆ ಎಂದಾಗ ಮಾತ್ರ ಅವರ ಮುಖ ಬಾಡಿತು. ಅಡಿಗಲ್ಲನ್ನು ಮತ್ತೆ ನನ್ನ ಕೈಯಿಂದ ತೆಗೆದುಕೊಂಡು, ಹೆಬ್ಬೆರಳಿನಿಂದ ಸವರಿ, "ಪಾಲಿಶ್ ಹಾಕಿದರೆ ಸಾಲದೇ?" ಎಂದರು.