ಆರಿದ್ರಾ ಮಳೆಯಲ್ಲಿ ಶಿವಮೊಗ್ಗದಿಂದ ಉಡುಪಿಗೆ ಸೈಕಲ್

ಮಂಡಗದ್ದೆ ತಲುಪುವಷ್ಟರಲ್ಲಿ ನನ್ನ ಹೊಸ ರೇನ್‌ಕೋಟಿನ ಒಳಗೂ ಹೊರಗೂ ಒಂದೇ ಥರ ಒದ್ದೆ. ಹೊರಗಿನದು ಮಳೆ, ಒಳಗಿನದು ಬೆವರು. ಚಹಾದಂಗಡಿಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕೂತಿದ್ದ ಅಜ್ಜ ನಮ್ಮಿಬ್ಬರನ್ನೂ ಸೈಕಲ್ಲುಗಳನ್ನೂ ನೋಡಿ, "ಬಸ್ಸು ತಪ್ಪಿತಾ?" ಅಂದರು. ಬೇಕಂತಲೇ ಬಂದದ್ದು ಅಂದೆವು. "ಎಂಥಕ್ಕೆ ಮಾರಾಯ!" ಅಂತ ಚಹಾ ಕುಡಿಯೋಕೆ ಶುರು ಮಾಡಿದರು. ಆ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ. ಎದುರಿಗೆ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು, ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ನೆನೆಯುತ್ತಾ ಕೂತಿದ್ದವು. ಅವಕ್ಕೂ ರೇನ್‌ಕೋಟು ಇರಲಿಲ್ಲ.

ನಾವು ಹೊರಟದ್ದು ಜುಲೈ ಮೊದಲ ವಾರ. ಆರಿದ್ರಾ ಮಳೆ ಆರದೆ ಹೊಯ್ಯುತ್ತೆ ಅಂತಾರಲ್ಲ, ಅದೇ ಮಳೆ. ಮೊದಲ ದಿನ ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ಆಗುಂಬೆ, ಸುಮಾರು 90 ಕಿಲೋಮೀಟರ್. ಎರಡನೇ ದಿನ ಘಾಟಿ ಇಳಿದು ಉಡುಪಿ, ಸುಮಾರು 55. ಬೇಸಿಗೆಯಲ್ಲಾದರೆ ಗಟ್ಟಿ ಕಾಲಿನವರು ಒಂದೇ ದಿನಕ್ಕೆ ಮುಗಿಸಬಹುದು. ಮಳೆಗಾಲದಲ್ಲಿ ಆ ಆಸೆ ಬೇಡ. ಕತ್ತಲು ಬೇಗ ಕವಿಯುತ್ತೆ. ಕತ್ತಲಲ್ಲಿ ನೀರು ತುಂಬಿದ ಗುಂಡಿಯೂ ಬರೀ ಒದ್ದೆ ರಸ್ತೆಯೂ ಒಂದೇ ಥರ ಕಾಣುತ್ತವೆ.

ಹೊರಡೋ ದಿನಾಂಕವನ್ನು ಕಲ್ಲಿನ ಮೇಲೆ ಕೆತ್ತಿಡಬೇಡಿ. ನಾವು ಮೊದಲು ಅಂದುಕೊಂಡಿದ್ದ ದಿನ ಹವಾಮಾನ ಇಲಾಖೆಯ ರೆಡ್ ಅಲರ್ಟ್ ಇತ್ತು, ಒಂದು ವಾರ ಮುಂದೆ ಹಾಕಿದೆವು. ಮಲೆನಾಡಿನಲ್ಲಿ ಮಳೆಗಿಂತ ಜಾಸ್ತಿ ಹೆದರಬೇಕಾದದ್ದು ಗಾಳಿಗೆ. ಮಣ್ಣು ನೆನೆದು ಸಡಿಲವಾಗಿರುತ್ತೆ, ಮರ ಬೀಳೋಕೆ ಒಂದು ಬೀಸು ಸಾಕು. ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದೂ ಉಂಟು. ಹಿಂದಿನ ದಿನ ಸಂಜೆ ಅಲ್ಲಿನ ಹೋಟೆಲಿಗೋ ಉಳಿಯೋ ಜಾಗಕ್ಕೋ ಫೋನ್ ಮಾಡಿ ಕೇಳಿಬಿಡಿ.

ಇನ್ನು ಬಟ್ಟೆ ವಿಷಯ. ನೆನೆಯದೇ ಹೋಗಿ ಬರ್ತೀನಿ ಅನ್ನೋ ಹಟ ಬಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯೋ ಆಗುಂಬೆಗೆ ಹೋಗುವವರು ನೆನೆದೇ ನೆನೆಯುತ್ತಾರೆ. ನೋಡಿಕೊಳ್ಳಬೇಕಾದದ್ದು ಚಳಿ ಹಿಡಿಯದಂತೆ. ಏರು ಹತ್ತುವಾಗ ರೇನ್‌ಕೋಟು ತೆಗೆದು ಬ್ಯಾಗಿಗೆ ಹಾಕಿ, ಮೈ ಬಿಸಿಯಾಗಿರುತ್ತೆ, ನೆನೆದರೆ ನೆನೆಯಲಿ. ಇಳಿಯುವಾಗ ಹಾಕಿಕೊಳ್ಳಿ, ಆಗ ಅದು ಬೇಕಾಗುವುದು ಗಾಳಿ ತಡೆಯೋಕೆ. ಹತ್ತಿ ಬನಿಯನ್ ಬೇಡ, ನೀರು ಕುಡಿದು ಮೈಗೆ ಅಂಟಿಕೊಂಡು ತಣ್ಣಗೆ ಕೊರೆಯುತ್ತೆ. ಆಟಕ್ಕೆ ಹಾಕುವ ತೆಳ್ಳನೆ ಪಾಲಿಸ್ಟರ್ ಟೀಶರ್ಟ್ ಸಾಕು. ಹೊದಿಕೆ ಥರ ಜೋತು ಬೀಳುವ ರೇನ್‌ಕೋಟಂತೂ ಬೇಡವೇ ಬೇಡ. ಗಾಳಿಗೆ ಹಾಯಿಯಂತೆ ಉಬ್ಬುತ್ತೆ, ಇಲ್ಲದಿದ್ದರೆ ಚೈನಿಗೆ ಸಿಕ್ಕಿಕೊಳ್ಳುತ್ತೆ. ಬಣ್ಣ ಹಳದಿ ಅಥವಾ ಕಿತ್ತಳೆ ಇರಲಿ. ನನ್ನ ಗೆಳೆಯನದು ಕಡು ಹಸಿರು. ಮೇಗರವಳ್ಳಿ ದಾಟಿದ ಮೇಲೆ ಐವತ್ತು ಮೀಟರ್ ಮುಂದಿದ್ದ ಅವನು ಕಾಡಿನ ಜೊತೆ ಕಾಡಾಗಿ ನನಗೇ ಕಾಣುತ್ತಿರಲಿಲ್ಲ, ಇನ್ನು ಲಾರಿಯವನಿಗೆ ಏನು ಕಂಡೀತು?

ಹೆಲ್ಮೆಟ್ ಒಳಗೆ ಹಣೆಯ ಮುಂದೆ ಅಂಚು ಚಾಚಿರುವ ತೆಳ್ಳನೆ ಟೋಪಿ ಹಾಕಿಕೊಳ್ಳಿ. ನನ್ನ ಹಾಗೆ ಕನ್ನಡಕದವರಾದರೆ ಇದೊಂದರಿಂದಲೇ ಪ್ರಯಾಣ ಸುಖವಾಗುತ್ತೆ. ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಒಳ್ಳೆಯದು. ಶೂ ಒಳಗೆ ಒಂದು ಸಲ ನೀರು ಹೋದರೆ ಎರಡು ದಿನವೂ ಅಲ್ಲೇ ಸಂಸಾರ ಹೂಡುತ್ತೆ. ಒದ್ದೆ ಚಡ್ಡಿಯಲ್ಲಿ ಇಡೀ ದಿನ ಸೀಟಿನ ಮೇಲೆ ಕೂತರೆ ತೊಡೆಸಂದಿ ಉಜ್ಜಿ ಹುಣ್ಣಾಗುತ್ತೆ. ಹೊರಡುವ ಮುಂಚೆಯೇ ವ್ಯಾಸಲೀನ್ ಹಚ್ಚಿಕೊಳ್ಳಿ. ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ಅದಕ್ಕೇ ನಾನು ಹೇಳ್ತಿದ್ದೀನಿ.

ಆಗುಂಬೆಯಲ್ಲಿ ಏನೂ ಒಣಗುವುದಿಲ್ಲ. ಫ್ಯಾನ್ ಕೆಳಗೆ ರಾತ್ರಿಯಿಡೀ ಹರವಿದರೂ ಬೆಳಗ್ಗೆ ಹಾಗೇ ತಣ್ಣಗೆ. ಹಾಗಾಗಿ ಎರಡೇ ಜೊತೆ ಬಟ್ಟೆ: ಒಂದು ರಸ್ತೆಗೆ, ಇನ್ನೊಂದು ರೂಮಿಗೆ. ರೂಮಿನದನ್ನು ಕಸದ ಬುಟ್ಟಿಗೆ ಹಾಕುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಅದನ್ನು ಬ್ಯಾಗಿನೊಳಗೆ ಇಡಿ. ದುಬಾರಿ ವಾಟರ್‌ಪ್ರೂಫ್ ಬ್ಯಾಗಿಗಿಂತ ಇದು ವಾಸಿ. ಬೆಳಗ್ಗೆ ಮತ್ತೆ ಆ ಒದ್ದೆ ಬಟ್ಟೆಯನ್ನೇ ಹಾಕಿಕೊಳ್ಳಬೇಕು. ಮೊದಲ ಐದು ನಿಮಿಷ ಜೀವ ಹೋದ ಹಾಗಾಗುತ್ತೆ, ಆಮೇಲೆ ಸರಿಯಾಗುತ್ತೆ. ಒಣ ಬಟ್ಟೆಯ ಆಸೆಗೆ ಬಿದ್ದು ಅದನ್ನೇ ಹಾಕಿಕೊಂಡು ಹೊರಟರೆ ಹತ್ತು ನಿಮಿಷದಲ್ಲಿ ಎರಡೂ ಜೊತೆ ಒದ್ದೆ.

ಈಗ ಬ್ರೇಕಿನ ಕಥೆ. ತಪ್ಪು ನನ್ನದೇ. ನನ್ನದು ರಿಮ್ಮಿಗೆ ರಬ್ಬರ್ ಒತ್ತುವ ಹಳೇ ಬ್ರೇಕು. ಶಿವಮೊಗ್ಗದಲ್ಲಿ ನೋಡಿದಾಗ ರಬ್ಬರ್ ಚೆನ್ನಾಗೇ ಇತ್ತು. ಮಳೆಯಲ್ಲಿ ರಸ್ತೆಯ ಮರಳೆಲ್ಲ ರಿಮ್ಮಿಗೆ ಅಂಟುತ್ತೆ, ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಉಪ್ಪುಕಾಗದದ ಹಾಗೆ ರಬ್ಬರನ್ನು ತಿನ್ನುತ್ತೆ. ಸಂಜೆ ಆಗುಂಬೆಯಲ್ಲಿ ಲಿವರ್ ಅದುಮಿದರೆ ಹಿಡಿಯವರೆಗೂ ಬಂತು. ಬಿಡಿ ರಬ್ಬರ್ ತಂದಿರಲಿಲ್ಲ. ಅಲ್ಲಿ ಸಿಗಲೂ ಇಲ್ಲ. ತಂತಿ ಬಿಗಿ ಮಾಡಿಕೊಂಡು ಬೆಳಗ್ಗೆ ಘಾಟಿಗೆ ಇಳಿದೆ.

ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮಂಜಿನಲ್ಲಿ ಮುಂದಿನ ತಿರುವು ಹತ್ತಿರ ಬರುವವರೆಗೂ ಕಾಣದು. ಒದ್ದೆ ರಿಮ್ಮಿನ ಗುಣ ಏನೆಂದರೆ, ಬ್ರೇಕ್ ಹಿಡಿದ ಮೊದಲ ಕ್ಷಣ ಏನೂ ಆಗುವುದಿಲ್ಲ. ಚಕ್ರ ಒಂದೆರಡು ಸುತ್ತು ಸುತ್ತಿ ನೀರು ಒರೆಸಿಹೋದ ಮೇಲೆ ದಿಢೀರನೆ ಹಿಡಿಯುತ್ತೆ. ಅಷ್ಟರಲ್ಲಿ ನೀವು ಗಾಬರಿಯಾಗಿ ಇನ್ನೂ ಜೋರಾಗಿ ಅದುಮಿರುತ್ತೀರಿ, ಚಕ್ರ ಜಾರುತ್ತೆ. ಅದಕ್ಕೇ ತಿರುವಿಗೆ ಬಹಳ ಮುಂಚೆಯೇ ಎರಡೂ ಬ್ರೇಕನ್ನು ಮೆಲ್ಲಗೆ ತಾಗಿಸುತ್ತಾ ಬನ್ನಿ. ನಿಧಾನ ಆಗಬೇಕಾದದ್ದೆಲ್ಲ ನೇರ ದಾರಿಯಲ್ಲೇ ಆಗಲಿ, ತಿರುವಿನೊಳಗೆ ಸೈಕಲ್ ವಾಲಿದ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ. ಡಿಸ್ಕ್ ಬ್ರೇಕಿನವರಿಗೆ ಕಷ್ಟ ಕಡಿಮೆ, ಆದರೆ ಅದರ ಪ್ಯಾಡೂ ಮಳೆಯಲ್ಲಿ ಬೇಗ ಸವೆಯುತ್ತೆ. ನಾನು ಕೊನೆಕೊನೆಗೆ ಮೂರು ತಿರುವು ಇಳಿದು ತಳ್ಳಿಕೊಂಡೇ ಹೋದೆ. ಎದುರಿಗೆ ಬಂದ ಮಿನಿ ಬಸ್ಸಿನ ಡ್ರೈವರ್ ನಕ್ಕರು. ನಗಲಿ ಬಿಡಿ.

ಟೈರಿಗೆ ಗಾಳಿ ಸ್ವಲ್ಪ ಕಮ್ಮಿ ಇರಲಿ. ಮಾಮೂಲಿಯಾಗಿ 70 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕುವ ನಾನು 60ಕ್ಕೆ ಇಳಿಸಿದ್ದೆ, ಹಿಡಿತ ಚೆನ್ನಾಗಿತ್ತು. ಚೈನಿಗೆ ಮಳೆಗಾಲದ ದಪ್ಪ ಎಣ್ಣೆ, ಹಿಂದೆ ಮುಂದೆ ಮಡ್‌ಗಾರ್ಡು. ಹಿಂದಿನ ಮಡ್‌ಗಾರ್ಡು ನಿಮಗಿಂತ ನಿಮ್ಮ ಹಿಂದೆ ಬರುವವನಿಗೆ ಜಾಸ್ತಿ ಬೇಕು, ಅವನ ಬಾಯಿಗೆ ಕೆಸರು ಹೋಗದಿರಲಿ ಅಂತ. ಹಗಲಲ್ಲೂ ಲೈಟ್ ಉರಿಯುತ್ತಿರಲಿ.

ಉಂಬಳದ, ಅಂದರೆ ರಕ್ತ ಹೀರುವ ಜಿಗಣೆಯ, ಬಗ್ಗೆ ಎಲ್ಲರೂ ಕೇಳ್ತಾರೆ. ಪೆಡಲ್ ತುಳಿಯುತ್ತಿರುವಷ್ಟು ಹೊತ್ತು ಅದರ ಕಾಟ ಇಲ್ಲ. ಫೋಟೋ ತೆಗೆಯೋಕೆ ಅಂತ ಹುಲ್ಲಿಗೆ ಕಾಲಿಟ್ಟರೆ ಹತ್ತುತ್ತೆ. ಸ್ವಲ್ಪ ಉಪ್ಪನ್ನು ಕಾಗದದಲ್ಲಿ ಕಟ್ಟಿಕೊಂಡಿರಿ ಅಂತ ಹೇಳೋಣ ಅಂದರೆ ಅದೂ ಕರಗಿಹೋಗುತ್ತೆ, ಚಿಕ್ಕ ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ಸೋಮೇಶ್ವರಕ್ಕೆ ಬಂದರೆ ಬೇರೆಯೇ ಲೋಕ, ಅದೇ ಮಳೆ ಬೆಚ್ಚಗಾಗುತ್ತೆ. ಹೆಬ್ರಿಯಲ್ಲಿ ಗೋಳಿಬಜೆ ತಿಂದು ಘಾಟಿ ಮುಗಿಯಿತು ಅಂತ ಮೈಮರೆತೆವು. ಗೆಳೆಯ ಬಿದ್ದದ್ದು ಆಮೇಲೆ, ಪೆರ್ಡೂರಿಗೆ ಮುಂಚೆ, ಸಪಾಟು ರಸ್ತೆಯಲ್ಲಿ. ಹಿಂದಿನ ಕಾರಿಗೆ ದಾರಿ ಬಿಡೋಕೆ ಅಂಚಿನ ಬಿಳಿ ಪಟ್ಟಿಯ ಮೇಲೆ ಹೋದ, ಅಲ್ಲೇ ಹ್ಯಾಂಡಲ್ ತಿರುಗಿಸಿದ, ಜಾರಿದ. ಮೊಣಕೈ ತರಚಿತು ಅಷ್ಟೇ. ಒದ್ದೆಯಾದ ಬಣ್ಣದ ಪಟ್ಟಿ, ಕಬ್ಬಿಣದ ಮುಚ್ಚಳ, ಕೊಳೆತ ಎಲೆ, ಪಾಚಿ ಕಟ್ಟಿದ ಸಿಮೆಂಟು, ಇವುಗಳ ಮೇಲೆ ಹೋಗಲೇಬೇಕಾದರೆ ನೇರವಾಗಿ ಹೋಗಿ. ತಿರುಗಿಸಬೇಡಿ, ಬ್ರೇಕ್ ಹಿಡಿಯಬೇಡಿ. ಹಾಗೇ ರಸ್ತೆ ಮೇಲೆ ನೀರು ಹರಿಯುತ್ತಿದ್ದು ಕೆಳಗಿನ ಡಾಂಬರು ಕಾಣದಿದ್ದರೆ ದಾಟುವ ಧೈರ್ಯ ಮಾಡಬೇಡಿ.

ಜೇಬಿನಲ್ಲಿ ನೋಟು ಇರಲಿ. ಘಾಟಿ ಆಸುಪಾಸಿನಲ್ಲಿ ನೆಟ್‌ವರ್ಕ್ ಇಲ್ಲ ಅಂದರೆ ಫೋನ್ ಪೇಯೂ ಇಲ್ಲ. ಒದ್ದೆ ಬೆರಳಿಗೆ ಮೊಬೈಲ್ ಪರದೆ ಹೇಗೂ ಮಾತು ಕೇಳಲ್ಲ. ಮನೆಯವರ ನಂಬರನ್ನು ಚೀಟಿಯಲ್ಲಿ ಬರೆದು ಪ್ಲಾಸ್ಟಿಕ್ಕಿನಲ್ಲಿ ಇಟ್ಟುಕೊಳ್ಳಿ.

ಮನೆಗೆ ಬಂದ ದಿನವೇ ಸೈಕಲ್ ತೊಳೆದು, ಚೈನ್ ಒರೆಸಿ ಎಣ್ಣೆ ಬಿಡಿ. ಸೀಟಿನ ಕಂಬವನ್ನು ಹೊರಗೆಳೆದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸೋದು ಮರೆಯಬೇಡಿ. ನನ್ನ ಸೈಕಲ್ಲಿನ ಕೊಳವೆಯಿಂದ ಒಂದು ಲೋಟ ನೀರು ಬಂತು, ಕೆಂಪಗೆ, ಥೇಟ್ ಮಂಡಗದ್ದೆಯಲ್ಲಿ ನೋಡಿದ ಬಣ್ಣ.