ನಕ್ಷೆ ದೊಡ್ಡದಾಯ್ತು, ಕಾರು ಅಲ್ಲೇ ನಿಂತವು

ನಾನು ಬರ್ಲಿನ್‌ಗೆ ಬಂದಿದ್ದು ಓದೋಕೆ. ಮನೆ ಬಾಡಿಗೆಗೆ ದುಡ್ಡು ಸಾಲದೆ ಒಂದು ಕಾರ್‌ಶೇರಿಂಗ್ ಕಂಪನಿಯಲ್ಲಿ ರಾತ್ರಿ ಪಾಳಿಗೆ ಸೇರಿದೆ. ಬೀದಿಯಲ್ಲಿ ನಿಂತ ಕಾರು ಹುಡುಕು, ಪೆಟ್ರೋಲ್ ಹಾಕಿಸು, ಸೀಟಿನ ಕೆಳಗಿನ ಕಸ ತೆಗೆ, ಜನ ಕೇಳೋ ಕಡೆ ತಂದು ನಿಲ್ಲಿಸು. ಇಷ್ಟೇ ಕೆಲಸ. ಓದು ಮುಗಿದ ಮೇಲೆ ಅದೇ ಕಂಪನಿಯ ಆಫೀಸಿಗೆ ಬಂದೆ. ಕೈಗೆ ಲ್ಯಾಪ್‌ಟಾಪ್ ಬಂತು, ಜೊತೆಗೆ ಸ್ವಲ್ಪ ಕೊಬ್ಬೂ ಬಂತು. ಆ ಕೊಬ್ಬಿನ ಕಥೆ ಇದು.

ಊರಲ್ಲಿರುವವರಿಗೆ ಮೊದಲು ಒಂದು ಮಾತು. ಬೆಂಗಳೂರಲ್ಲಿ ಒಂದು ದಿನಕ್ಕೆ ಕಾರು ತಗೊಂಡು, ಮತ್ತೆ ಅಲ್ಲೇ ತಂದು ಬಿಡ್ತೀವಲ್ಲ, ಆ ಥರ ಅಲ್ಲ ಇದು. ಫೋನಲ್ಲಿ ಹತ್ತಿರದ ಕಾರು ನೋಡಿ, ಆ್ಯಪ್‌ನಿಂದಲೇ ಬಾಗಿಲು ತೆಗೆದು, ಹೋಗಬೇಕಾದ ಕಡೆ ಹೋಗಿ, ರಸ್ತೆ ಬದಿಯಲ್ಲೇ ಬಿಟ್ಟು ನಡೆದರೆ ಆಯ್ತು. ಬೆಂಜ್ ಕಾರು ಮಾಡುತ್ತಿದ್ದ ಡೈಮ್ಲರ್ ಕಂಪನಿ 2008ರಲ್ಲಿ ಜರ್ಮನಿಯ ಉಲ್ಮ್ ಅನ್ನೋ ಊರಲ್ಲಿ ಕಾರ್‌ಟುಗೋ ಅಂತ ಇದನ್ನ ಶುರು ಮಾಡಿತು. ಎರಡು ಸೀಟಿನ ಸ್ಮಾರ್ಟ್ ಕಾರು, ಆಗ ನಿಮಿಷಕ್ಕೆ 19 ಸೆಂಟ್. ಪೆಟ್ರೋಲು, ಪಾರ್ಕಿಂಗು ಎಲ್ಲ ಅದರಲ್ಲೇ. ಒಂದೇ ಷರತ್ತು: ಕಂಪನಿ ನಕ್ಷೆಯ ಮೇಲೆ ಎಳೆದ ಗೆರೆಯ ಒಳಗೇ ಕಾರು ಬಿಡಬೇಕು.

ಆ ಗೆರೆ ಎಳೆಯೋ ತಂಡದಲ್ಲಿ ನಾನಿದ್ದೆ.

2023ರಲ್ಲಿ ನಮಗೆ ಬೆಳೆಯೋ ಆತುರ. ಬರ್ಲಿನ್ ನಗರದ ನಡುಭಾಗವನ್ನ ಸುತ್ತಿಕೊಂಡು ಒಂದು ರೈಲು ಓಡುತ್ತೆ, ಅದಕ್ಕೆ ರಿಂಗ್ ಅಂತಾರೆ. ನಮ್ಮ ಕಾರುಗಳು ಹೆಚ್ಚುಕಡಿಮೆ ಅದರ ಒಳಗೇ ಓಡಾಡುತ್ತಿದ್ದವು. ಆದರೆ ಹೊರಗಿನ ಬಡಾವಣೆಗಳಲ್ಲಿ ಜನ ಆ್ಯಪ್ ತೆಗೆದು ಹುಡುಕೋದು ನಮಗೆ ಕಾಣುತ್ತಿತ್ತು. ಜನ ಕೇಳ್ತಿದ್ದಾರೆ, ಕೊಡೋಣ ಅಂದೆ. ಪಶ್ಚಿಮದ ಶ್ಪಾಂಡಾವ್ ಕಡೆಗೂ ಗೆರೆ ಹಿಗ್ಗಿಸಿದ ನಕ್ಷೆ ತೋರಿಸಿದೆ. ಬಣ್ಣ ಬಣ್ಣದ ನಕ್ಷೆ, ಚೆನ್ನಾಗೇ ಕಾಣುತ್ತಿತ್ತು. ಎಲ್ಲರೂ ತಲೆ ಆಡಿಸಿದರು.

ತಲೆ ಆಡಿಸದವರು ಒಬ್ಬರೇ, ನನಗೆ ರಾತ್ರಿ ಪಾಳಿ ಕಲಿಸಿದ ಅಬಿ. ಟರ್ಕಿ ಭಾಷೆಯಲ್ಲಿ ಅಬಿ ಅಂದರೆ ಅಣ್ಣ. ಅವರನ್ನ ಹೆಸರು ಹಿಡಿದು ಕರೆದಿದ್ದೇ ಇಲ್ಲ. ಗೋಡೆ ಮೇಲಿನ ನಕ್ಷೆ ನೋಡಿ, "ತಮ್ಮಾ, ಇದಕ್ಕೆ ಹೊಸ ಕಾರು ಎಷ್ಟು?" ಅಂದರು. ಹೊಸ ಕಾರು ಇಲ್ಲ, ಇರೋದರಲ್ಲೇ ಅಂದೆ. ಸುಮ್ನೆ ಕಾಫಿ ಕುಡಿದು ಎದ್ದು ಹೋದರು.

ಜನವರಿಯ ಒಂದು ರಾತ್ರಿ ಫೋನ್ ಮಾಡಿ, "ಬಾ, ನಿನ್ನ ನಕ್ಷೆ ತೋರಿಸ್ತೀನಿ" ಅಂದರು. ಶ್ಪಾಂಡಾವ್‌ನ ಒಂದು ತಿರುವಿನಲ್ಲಿ ನಮ್ಮ ಕಾರು ನಿಂತಿತ್ತು. ಗಾಜಿನ ಮೇಲೆ ಹಿಮ ಗಟ್ಟಿಯಾಗಿ ಕೂತಿತ್ತು. ಆ್ಯಪ್ ಒತ್ತಿದೆ, ಬಾಗಿಲು ಮಿಸುಕಲಿಲ್ಲ. ಈ ಕಾರುಗಳಲ್ಲಿ ಒಂದು ಪುಟ್ಟ ಡಬ್ಬಿ ಇರುತ್ತೆ. ಕಾರು ಎಲ್ಲಿದೆ ಅಂತ ಆಫೀಸಿಗೆ ಹೇಳೋದೂ ಅದೇ, ಫೋನಿನ ಮಾತು ಕೇಳಿ ಬಾಗಿಲು ತೆಗೆಯೋದೂ ಅದೇ. ಕಾರು ನಿಂತಿದ್ದರೂ ಅದು ಬ್ಯಾಟರಿಯಿಂದ ಕರೆಂಟ್ ಹೀರುತ್ತಲೇ ಇರುತ್ತೆ. ಚಳಿಯಲ್ಲಿ ಮೊದಲೇ ಬ್ಯಾಟರಿಗೆ ಜೀವ ಕಮ್ಮಿ. ಐದು ದಿನದಿಂದ ಯಾರೂ ಮುಟ್ಟದ ಕಾರು, ಸತ್ತು ಕೂತಿತ್ತು. ಅಬಿ ಕೀಲಿ ಹಾಕಿ ಬಾಗಿಲು ತೆಗೆದರು, ಬಾನೆಟ್ ಎತ್ತಿ ಬೂಸ್ಟರ್ ಕ್ಲಿಪ್ ಸಿಕ್ಕಿಸಿದರು. ಕೈಗವಸು ತೆಗೆದ ಎರಡೇ ನಿಮಿಷಕ್ಕೆ ನನ್ನ ಬೆರಳು ಮರಗಟ್ಟಿದವು. ಆ ರಾತ್ರಿ ಅಂಥವು ಇನ್ನೂ ನಾಲ್ಕು ಸಿಕ್ಕವು.

ಆಗಿದ್ದಿಷ್ಟು. ಸಂಜೆ ಸುಸ್ತಾದ ಜನ, ಕೈತುಂಬಾ ಚೀಲ, ನಗರದಿಂದ ನಮ್ಮ ಕಾರು ತಗೊಂಡು ಮನೆಗೆ ಬರ್ತಾರೆ. ಬೆಳಿಗ್ಗೆ ರೈಲು ಹತ್ತುತ್ತಾರೆ. 2023ರ ಮೇ ತಿಂಗಳಿಂದ ತಿಂಗಳಿಗೆ 49 ಯೂರೋಗೆ ದೇಶದ ಎಲ್ಲ ಲೋಕಲ್ ರೈಲು, ಬಸ್ಸಲ್ಲಿ ಓಡಾಡೋ ಟಿಕೆಟ್ ಬಂದಿತ್ತು. ಅದು ಜೇಬಲ್ಲಿದ್ದರೆ ಟ್ರಾಫಿಕ್‌ನಲ್ಲಿ ನಿಮಿಷಕ್ಕಿಷ್ಟು ಅಂತ ಕೊಟ್ಟು ಯಾರು ಕೂರ್ತಾರೆ? ಕಾರು ಒಂದು ದಿಕ್ಕಿಗೆ ಹೋಗುತ್ತೆ, ವಾಪಸ್ ಬರಲ್ಲ. ಇತ್ತ ಒಳಗೆ ಕಾರು ಕಮ್ಮಿಯಾಗಿ, ಐದು ನಿಮಿಷ ನಡೆದರೆ ಸಿಗುತ್ತಿದ್ದದ್ದು ಹತ್ತು ನಿಮಿಷ ನಡೆದರೂ ಇಲ್ಲ. ಎರಡು ಸಲ ಆ್ಯಪ್ ತೆಗೆದು ಕಾರು ಕಾಣದಿದ್ದರೆ ಮೂರನೇ ಸಲ ಯಾರೂ ತೆಗೆಯಲ್ಲ. ನಾನು ಹೊರಗೆ ಊರು ಕಟ್ಟೋಕೆ ಹೋಗಿ ಒಳಗಿನ ಗಿರಾಕಿಗಳನ್ನ ಕಳ್ಕೊಂಡಿದ್ದೆ.

ಆಮೇಲೆ ಕೂತು ಹಳೆಯದನ್ನೆಲ್ಲ ಓದಿದೆ. ಮೊದಲೇ ಓದಬೇಕಿತ್ತು, ಅಲ್ವಾ? ಕಾರ್‌ಟುಗೋ ಹುಟ್ಟಿದ ಊರು ಉಲ್ಮನ್ನೇ 2014ರಲ್ಲಿ ಬಿಟ್ಟಿತು. ಲಂಡನ್‌ನಿಂದಲೂ ಅದೇ ವರ್ಷ ಹೊರಬಂತು. ಅಲ್ಲಿ 32 ಬರೋಗಳು, ಅಂದರೆ ತಮ್ಮದೇ ಆಡಳಿತ ಇರೋ ನಗರದ ಭಾಗಗಳು, ಪಾರ್ಕಿಂಗ್‌ಗೆ ಒಂದೊಂದರ ಜೊತೆಗೂ ಬೇರೆ ಬೇರೆ ಮಾತುಕತೆ. ಒಂದು ಬರೋದಲ್ಲಿ ಹತ್ತಿದ ಕಾರನ್ನ ಪಕ್ಕದ ಬರೋದಲ್ಲಿ ಬಿಡೋಕೆ ಆಗದಿದ್ದರೆ ಅದು ಯಾವ ಸುಖಕ್ಕೆ? ಬಿಎಂಡಬ್ಲ್ಯು ಮತ್ತು ಕಾರು ಬಾಡಿಗೆಗೆ ಕೊಡೋ ಸಿಕ್ಸ್ಟ್ ಕಂಪನಿ 2011ರಲ್ಲಿ ಮ್ಯೂನಿಕ್‌ನಲ್ಲಿ ಡ್ರೈವ್‌ನೌ ಅಂತ ಇದೇ ಥರದ್ದನ್ನ ತೆರೆದಿದ್ದವು. 2019ರಲ್ಲಿ ಅದೂ ಕಾರ್‌ಟುಗೋನೂ ಸೇರಿ ಶೇರ್ ನೌ ಆದವು. ಅದೇ ವರ್ಷದ ಕೊನೆಗೆ ಉತ್ತರ ಅಮೆರಿಕ, ಲಂಡನ್ (ಅಲ್ಲಿ ಡ್ರೈವ್‌ನೌ ಓಡುತ್ತಿತ್ತು), ಬ್ರಸೆಲ್ಸ್, ಫ್ಲಾರೆನ್ಸ್ ಬಿಡ್ತೀವಿ ಅಂದರು. 2022ರಲ್ಲಿ ಕಂಪನಿಯೇ ಸ್ಟೆಲಾಂಟಿಸ್ ಅನ್ನೋ ಇನ್ನೊಂದು ಕಾರು ಕಂಪನಿಯ ಕೈಸೇರಿತು. ಇನ್ನೊಂದು ಕಡೆ ಸ್ವಿಟ್ಜರ್‌ಲ್ಯಾಂಡ್‌ನ ಮೊಬಿಲಿಟಿ ಅನ್ನೋ ಕಾರ್‌ಶೇರಿಂಗ್ ಸಂಸ್ಥೆ ಇದೆ. 1997ರಲ್ಲಿ ಎರಡು ಸಹಕಾರಿ ಸಂಘಗಳು ಸೇರಿ ಆದದ್ದು. ರೈಲು ನಿಲ್ದಾಣದ ಪಕ್ಕ ಕಾರು ಇಟ್ಟು, ತೆಗೆದಲ್ಲೇ ತಂದು ಬಿಡಿ ಅನ್ನುತ್ತಾ ನಿಧಾನವಾಗಿ ಬೆಳೆದಿದೆ. ನೋಡೋಕೆ ಸಪ್ಪೆ. ಆದರೆ ಕಾರು ತನ್ನ ಜಾಗಕ್ಕೆ ತಾನೇ ವಾಪಸ್ ಬರುತ್ತೆ, ಹುಡುಕೋಕೆ ಅಬಿ ಬೇಡ.

ಫೆಬ್ರವರಿಯಲ್ಲಿ ನಾನೇ ಗೆರೆ ಒಳಕ್ಕೆ ಎಳೆದೆ. ಮುಜುಗರ ಆಯ್ತು, ಇಲ್ಲ ಅನ್ನಲ್ಲ.

ಅಷ್ಟರಲ್ಲಿ ಶ್ಪಾಂಡಾವ್‌ನಿಂದ ಒಬ್ಬ ನರ್ಸ್ ಮೇಲ್ ಬರೆದರು. ಬೈಗುಳ ಇರಲಿಲ್ಲ. ಬೆಳಗಿನ ಪಾಳಿ ಆರಕ್ಕೆ, ಆ ಹೊತ್ತಿಗೆ ಬಸ್ಸು ವಿರಳ, ನಿಮ್ಮ ಕಾರಿನಿಂದ ಅರ್ಧ ಗಂಟೆ ಜಾಸ್ತಿ ಮಲಗುತ್ತಿದ್ದೆ ಅಂತಷ್ಟೇ ಬರೆದಿದ್ದರು. ಮತ್ತೆ ಲೆಕ್ಕ ತೆಗೆದು ಗಂಟೆ ಗಂಟೆ ಬೇರೆ ಮಾಡಿ ನೋಡಿದೆ. ಇಡೀ ದಿನದ ಸರಾಸರಿಯಲ್ಲಿ ಕಾಣದ್ದು ಅಲ್ಲಿತ್ತು. ಬೆಳಿಗ್ಗೆ ಐದರ ಹೊತ್ತಿಗೆ ಕೆಲವೇ ಜನ ಅಂಚಿನಿಂದ ಒಳಕ್ಕೆ ಕಾರು ತರುತ್ತಿದ್ದರು, ಹೆಚ್ಚಿನವರು ಒಂದೆರಡು ಬೀದಿಯಿಂದಲೇ. ನಮಗೆ ಬೇಕಾದ ದಿಕ್ಕು ಅದೇ. ಗೆರೆ ಹಿಂದಕ್ಕೆ ಎಳೆದಾಗ ಅವರನ್ನೂ ಸೇರಿಸಿ ಹೊರಗೆ ಹಾಕಿದ್ದೆ.

ಈಗ ಅಲ್ಲಿ ಸ್ಟೇಷನ್ ಪಕ್ಕ ಒಂದು ಚಿಕ್ಕ ಚುಕ್ಕೆ ಉಳಿಸಿದ್ದೀವಿ, ನಾಲ್ಕೈದು ಬೀದಿ ಅಷ್ಟೇ. ಅಬಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು. "ಸರಿ. ಆ ಕಾರು ನಾನು ತರೋದು ಬೇಡ, ಆಯಮ್ಮನೇ ತಂದುಬಿಡ್ತಾರೆ."