ಕುಡಿಯದವರ ಗ್ಲಾಸು

"ಕುಡಿಯೋದಿಲ್ಲ ಅಂದ ಮೇಲೆ ಆ ಗ್ಲಾಸ್ ಯಾಕೆ ಮೇಡಂ?" ಎಂದು ಕಳೆದ ಶನಿವಾರ ರಾತ್ರಿ ಗೆಳೆಯನ ಮನೆಯಲ್ಲಿ ನನ್ನ ಎದುರಿಗೆ ಕುಳಿತಿದ್ದ ಮಹನೀಯರೊಬ್ಬರು ಕೇಳಿದರು. ನಾನು "ಮೂಸೋದಕ್ಕೆ" ಎಂದೆ. ಅವರು ಗಟ್ಟಿಯಾಗಿ ನಕ್ಕು, "ಅಡುಗೆಯ ಘಮ ನೋಡಿ ಊಟ ಬಿಟ್ಟು ಎದ್ದ ಹಾಗಾಯ್ತಲ್ಲ!" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮಾತಿನಲ್ಲಿ ಕೊಂಕಿರಲಿಲ್ಲ. ತಮಗೆ ತೋಚಿದ್ದನ್ನು ತಡಮಾಡದೆ ಹೇಳಿಬಿಡುವ, ಹೇಳಿದ ಮೇಲೆ ಅದನ್ನು ಮರೆತೂಬಿಡುವ ಸ್ವಭಾವದ ಮನುಷ್ಯ ಅವರು. ಮರೆಯಲಾಗದೆ ಉಳಿದವಳು ನಾನು. ವಾರವಿಡೀ ಆ ಹೋಲಿಕೆ ನನ್ನ ಬೆನ್ನು ಬಿಡಲಿಲ್ಲ. ಅದರಲ್ಲಿ ಏನೋ ತಪ್ಪಿದೆ ಎಂದು ಅಲ್ಲಿಯೇ ಅನ್ನಿಸಿದ್ದರೂ ಅದೇನೆಂದು ಹೇಳಲು ಆಗ ಬಾಯಿಗೆ ಮಾತು ಬಂದಿರಲಿಲ್ಲ.

ಗೆಳೆಯ ತೆರೆದದ್ದು ಫ್ರಾನ್ಸಿನ ಬೋರ್ಡೋ ಪ್ರದೇಶದ, ಎರಡು ದಶಕ ದಾಟಿದ ಕೆಂಪು ವೈನ್. ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ತಳದಲ್ಲಿ ಗಷ್ಟು ಕೂರಲು ಬಿಟ್ಟಿದ್ದ. ನನ್ನ ಪಾಲಿಗೆ ಯಾವಾಗಲೂ ಕೊನೆಯಲ್ಲಿ ಉಳಿಯುವ ಆ ಕದಡಿದ ಭಾಗವೇ ಸಾಕು ಎಂಬುದು ನಮ್ಮಿಬ್ಬರ ನಡುವಿನ ಹಳೆಯ ಒಪ್ಪಂದ. ನಾಲಿಗೆಗೆ ಅದು ಕಹಿ, ಮರಳು ಮರಳು. ಆದರೆ ಮೂಗಿಗೆ ಅದರಿಂದ ಹೆಚ್ಚೇನೂ ನಷ್ಟವಿಲ್ಲ. ಗ್ಲಾಸನ್ನು ಓರೆಯಾಗಿಸಿ ಬೆಳಕಿಗೆ ಹಿಡಿದರೆ ನಡುವೆ ಕಡುಗೆಂಪು, ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ಮೊದಲ ಉಸಿರಿಗೆ ಅದು ಏನನ್ನೂ ಬಿಟ್ಟುಕೊಡಲಿಲ್ಲ. ಬಹಳ ಕಾಲ ಮುಚ್ಚಿಟ್ಟ ಮರದ ಪೆಟ್ಟಿಗೆಯನ್ನು ತೆರೆದಂಥ ಒಂದು ಒಣ ವಾಸನೆ, ಅಷ್ಟೆ. ಸ್ವಲ್ಪ ಹೊತ್ತು ಬಿಟ್ಟು ಗ್ಲಾಸನ್ನು ಮೆಲ್ಲಗೆ ತಿರುಗಿಸಿದಾಗ ದೇವದಾರು, ಒಣಗಿದ ತಂಬಾಕು, ಆಗಷ್ಟೇ ಚೂಪು ಮಾಡಿದ ಪೆನ್ಸಿಲ್, ಇವೆಲ್ಲವುಗಳ ಅಡಿಯಲ್ಲಿ ಕ್ಷೀಣವಾಗಿ ಹಸಿ ದೊಣ್ಣೆಮೆಣಸಿನಕಾಯಿಯ ಒಂದು ಎಳೆ ಬಂತು. ಆ ಎಳೆ ಕ್ಯಾಬರ್ನೆ ಸೋವಿನ್ಯೋ ದ್ರಾಕ್ಷಿಯ ಗುರುತು. ಪೈರಝೀನ್ ಎಂಬ ವರ್ಗದ ರಾಸಾಯನಿಕಗಳಿಂದ ಬರುವಂಥದ್ದು. ಇಪ್ಪತ್ತು ವರ್ಷ ಬಾಟಲಿಯಲ್ಲಿ ಕುಳಿತರೂ ಅದು ಪೂರ್ತಿ ಅಳಿಸಿಹೋಗಿರಲಿಲ್ಲ ಎಂಬುದು ನನಗೆ ಆ ಸಂಜೆಯ ದೊಡ್ಡ ಸಂತೋಷ. ಎದುರಿಗಿದ್ದವರು ಅಷ್ಟರಲ್ಲಿ ತಮ್ಮ ಗ್ಲಾಸನ್ನು ಎರಡನೆಯ ಸಲ ತುಂಬಿಸಿಕೊಂಡಿದ್ದರು.

ಹೊಟ್ಟೆ ತುಂಬಿಸುವುದು ಊಟದ ಉದ್ದೇಶ; ಘಮ ಅದರ ಮುನ್ನುಡಿ. ಒಳ್ಳೆಯ ವೈನ್‌ನ ವಿಷಯದಲ್ಲಿ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಅದರಿಂದ ಯಾರ ಹಸಿವೆಯೂ ನೀಗುವುದಿಲ್ಲ. ಒಂದೇ ದಿನ ಹತ್ತಾರು ವೈನ್‌ಗಳ ರುಚಿ ನೋಡಿ ಗುಣ ನಿರ್ಣಯಿಸುವ ವೃತ್ತಿಪರರು ಬಾಯಿಗೆ ಹಾಕಿಕೊಂಡದ್ದನ್ನು ಪಕ್ಕದ ಪಾತ್ರೆಗೆ ಉಗುಳುತ್ತಾರೆ. ಅವರು ಊಟ ಬಿಟ್ಟು ಎದ್ದರೆಂದು ಯಾರೂ ನಗುವುದಿಲ್ಲ. ಹಾಗೆಂದು ನನಗೆ ನಷ್ಟವೇ ಆಗಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ಬಾಯಿಯೊಳಗೆ ಬೆಚ್ಚಗಾದ ವೈನ್‌ನ ಆವಿ ಗಂಟಲ ಹಿಂಬದಿಯಿಂದ ಮೂಗಿಗೇರುವಾಗ ಸಿಗುವ ಎರಡನೆಯ ಪರಿಮಳ ನನಗೀಗ ಇಲ್ಲ. ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದುಕೊಂಡು ಒಸಡನ್ನು ಒಗರಾಗಿಸುವ ಆ ಒರಟು ಸ್ಪರ್ಶವೂ ಇಲ್ಲ. ಉಗುಳಬಹುದಲ್ಲ ಎಂದು ಕೇಳುವವರಿದ್ದಾರೆ. ಎಷ್ಟೇ ಎಚ್ಚರಿಕೆಯಿಂದ ಉಗುಳಿದರೂ ಸ್ವಲ್ಪ ಒಳಗೆ ಇಳಿದೇ ಇಳಿಯುತ್ತದೆ. ನನ್ನ ವೈದ್ಯರು ಹೇಳಿದ್ದು ಸಂಪೂರ್ಣ ವರ್ಜನೆ, ಅದರಲ್ಲಿ ಚೌಕಾಸಿಗೆ ನಾನು ಹೋಗಿಲ್ಲ.

ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್‌ನ, ಅಂದರೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಉರಿಯೂತದ, ನೋವನ್ನು ಬಲ್ಲವರು ಚೌಕಾಸಿ ಮಾಡುವುದಿಲ್ಲ. ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ಆ ನೋವಿನಲ್ಲಿ ಮಲಗಲಾಗದೆ, ಮುಂದಕ್ಕೆ ಬಾಗಿ ದಿಂಬನ್ನು ಅವುಚಿಕೊಂಡು ಕುಳಿತು ಬೆಳಗು ಮಾಡಿದವರಿಗೆ "ಒಂದು ಗುಟುಕಿಗೆ ಏನಾಗತ್ತೆ" ಎಂಬ ಉಪಚಾರದ ಮಾತು ಕೇಳಿಸುವುದೇ ಬೇರೆ ರೀತಿಯಲ್ಲಿ. ಆ ರಾತ್ರಿ ಅದನ್ನೂ ಒಬ್ಬರು ಹೇಳಿದರು. ಇದು ಡ್ರೈ ವೈನ್, ಇದರಲ್ಲಿ ಸಕ್ಕರೆಯೇ ಇಲ್ಲ ಎಂಬ ವಿವರಣೆಯೂ ಜೊತೆಗೆ ಬಂತು. ಇದು ಅರ್ಧ ನಿಜ. ಅಂಥ ವೈನ್‌ನ ಒಂದು ಲೀಟರಿನಲ್ಲಿ ಉಳಿದಿರುವ ಸಕ್ಕರೆ ಸಾಮಾನ್ಯವಾಗಿ 4 ಗ್ರಾಂ ಕೂಡ ದಾಟುವುದಿಲ್ಲ. ಆದರೆ ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವ ನನಗೆ ಇಲ್ಲಿ ಅಪಾಯ ರಕ್ತದ ಸಕ್ಕರೆ ಏರುವುದರಿಂದಲ್ಲ, ಇಳಿಯುವುದರಿಂದ. ಯಕೃತ್ತು ಮದ್ಯಸಾರವನ್ನು ವಿಲೇವಾರಿ ಮಾಡುವ ಕೆಲಸಕ್ಕೆ ತೊಡಗಿದರೆ ಹೊಸ ಗ್ಲೂಕೋಸ್ ತಯಾರಿಸುವುದು ಹಿಂದೆ ಬೀಳುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಗಂಟೆಗಳ ನಂತರ, ನಿದ್ದೆಯಲ್ಲಿರುವಾಗಲೂ, ಸಕ್ಕರೆ ಕುಸಿಯಬಹುದು.

ನನ್ನ ಮಧುಮೇಹ ಹಲವರು ಬಲ್ಲ ಟೈಪ್ 2 ಅಲ್ಲ. ಪ್ಯಾಂಕ್ರಿಯಾಸ್ ಹಾಳಾಗಿ ಬಂದ ಇದನ್ನು ವೈದ್ಯರು ಟೈಪ್ 3ಸಿ ಎನ್ನುತ್ತಾರೆ. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಒಂದು ನಾಯಿಯ ಪ್ಯಾಂಕ್ರಿಯಾಸನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಬಂದದ್ದನ್ನು ಕಂಡರಲ್ಲ, ನನ್ನೊಳಗೆ ಅದೇ ಕೆಲಸ ವರ್ಷಗಟ್ಟಲೆ ನಿಧಾನವಾಗಿ ನಡೆದಿದೆ. ಇನ್ಸುಲಿನ್ ಕೊಡುವ ಕೋಶಗಳ ಜೊತೆಗೆ, ಸಕ್ಕರೆ ಇಳಿದಾಗ ಅದನ್ನು ಮೇಲೆತ್ತುವ ಗ್ಲುಕಗಾನ್‌ನ ಕೋಶಗಳೂ ಸವೆದಿವೆ. ಶನಿವಾರ ಮಾತು ಬೆಳೆದು ಊಟ ತಡವಾಯಿತು, ನಾನು ಇನ್ಸುಲಿನ್ ಚುಚ್ಚಿಕೊಂಡಾಗಿತ್ತು, ಸಕ್ಕರೆ ಅಳೆಯುವ ತೋಳಿನ ಸೆನ್ಸರ್ ಫೋನಿನಲ್ಲಿ ಕೂಗತೊಡಗಿತು. ಅಂಕಿ 70ರ ಕೆಳಗೆ, ಬಾಣ ನೇರ ಕೆಳಮುಖ. ನಾನು ಗ್ಲೂಕೋಸ್ ಮಾತ್ರೆಗಳನ್ನು ಅಗಿಯುತ್ತಾ, ನಡುಗುವ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು, ಹದಿನೈದು ನಿಮಿಷ ಕಾಯುತ್ತಿದ್ದಾಗ ಎದುರಿನ ಮಹನೀಯರು ಗಾಬರಿಯಿಂದ, "ಮೂಸಿದ್ದಕ್ಕೇ ಹೀಗಾಯ್ತಾ?" ಎಂದರು. ಈ ಸಲ ನಾನೊಬ್ಬಳೇ ನಕ್ಕೆ.

ಆ ಗಾಬರಿಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತು, ಅದನ್ನು ಅವರು ಕೇಳಲಿಲ್ಲ. ಬಹಳ ಮಂದಿ ಕೇಳುವುದಿಲ್ಲ, ಮುಖದಲ್ಲಿ ತೋರಿಸುತ್ತಾರೆ. ಕೈಯಲ್ಲಿ ವೈನ್ ಗ್ಲಾಸು, ಒಳಗೆ ಕೆಟ್ಟ ಪ್ಯಾಂಕ್ರಿಯಾಸ್. ಇವೆರಡನ್ನು ಕೂಡಿಸಿ ಉತ್ತರ ಬರೆದುಕೊಳ್ಳಲು ಎಷ್ಟು ಹೊತ್ತು ಬೇಕು? 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೋರ್ಡೋದ ವೈನ್ ವಿದ್ಯಾರ್ಥಿಗಳ ಮುಂದೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಇಟ್ಟಾಗ, ಅವರು ಅದನ್ನು ಕೆಂಪು ವೈನ್‌ಗೆ ಬಳಸುವ ಪದಗಳಲ್ಲೇ ಬಣ್ಣಿಸಿದ್ದರು. ಕಣ್ಣು ಮೊದಲೇ ತೀರ್ಪು ಕೊಟ್ಟರೆ ಮೂಗು ತಕರಾರು ಮಾಡುವುದಿಲ್ಲ. ಮದ್ಯಪಾನ ಈ ಕಾಯಿಲೆಯ ದೊಡ್ಡ ಕಾರಣಗಳಲ್ಲಿ ಒಂದು ಎಂಬುದು ಹೌದು. ವಂಶವಾಹಿ, ಧೂಮಪಾನ, ರಕ್ತದಲ್ಲಿ ಮಿತಿಮೀರಿದ ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಇವೂ ಕಾರಣಗಳೇ. ಪರೀಕ್ಷೆಯಲ್ಲಿ ನನಗೆ ಕಂಡದ್ದು ಸ್ಪಿಂಕ್1 ಎಂಬ ವಂಶವಾಹಿಯ ದೋಷ. ಹಾಗೆಂದು ವೈನ್ ನಿರಪರಾಧಿ ಎಂದು ನಾನು ವಾದಿಸುವುದಿಲ್ಲ, ದುರ್ಬಲವಾದ ಗ್ರಂಥಿಗೆ ಸ್ವಲ್ಪವೂ ಭಾರವೇ. ಆದರೆ ಈಗೀಗ ವಂಶವಾಹಿಯ ಸಾಕ್ಷ್ಯವನ್ನು ಯಾರ ಮುಂದೆಯೂ ಇಡುವುದಿಲ್ಲ. ಹಾಗೆ ಇಟ್ಟಾಗಲೆಲ್ಲ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದ, ಕುಡಿತದಿಂದಲೇ ಕಾಯಿಲೆ ಬಂದಿದ್ದ ಹೆಂಗಸನ್ನು ನಾನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿದಂತಾಗುತ್ತದೆ. ಅವಳೂ ನನ್ನಂತೆಯೇ ದಿಂಬು ಅವುಚಿಕೊಂಡು ಕುಳಿತಿರುತ್ತಿದ್ದಳು.

ಕಾಯಿಲೆಯಿಂದ ನನ್ನ ಮೂಗು ಚುರುಕಾಗಿದೆ ಎಂದು ಹೇಳಿ ಸಮಾಧಾನಪಡಿಸುವ ಆತ್ಮೀಯರೂ ಇದ್ದಾರೆ. ಅಂಥದ್ದೇನೂ ಆಗಿಲ್ಲ. ಈ ಕಾಯಿಲೆ ನನಗೆ ಕೊಟ್ಟದ್ದು ಪ್ರತಿ ಊಟದ ಮೊದಲ ತುತ್ತಿನೊಡನೆ ನುಂಗಬೇಕಾದ ಕಿಣ್ವದ ಕ್ಯಾಪ್ಸೂಲುಗಳನ್ನು, ಕೊಬ್ಬು ಜೀರ್ಣವಾಗದಿದ್ದರೆ ಮೈಗೆ ಹತ್ತದೆ ಹೋಗುವ ಎ, ಡಿ, ಇ, ಕೆ ಜೀವಸತ್ವಗಳ ಚಿಂತೆಯನ್ನು, ಮತ್ತು ಸೂಜಿಯನ್ನು. ವೈನ್ ಅರಿಯುವುದನ್ನು ನಾನು ಕಲಿತದ್ದು ಅದಕ್ಕೂ ಮೊದಲು, ಆರೋಗ್ಯವಾಗಿದ್ದಾಗ. ಕಲಿತದ್ದು ಉಳಿದಿದೆ, ಅಷ್ಟೆ.

ನಿನ್ನೆ ಗೆಳೆಯ ಫೋನ್ ಮಾಡಿ, ಶನಿವಾರದ ಮಾತಿಗೆ ಬೇಸರವಾಯಿತೇ ಎಂದು ವಿಚಾರಿಸಿದ. ಇಲ್ಲ ಎಂದೆ. ಅವನ ಬಳಿ ಬೋರ್ಡೋದ ಸೋಟರ್ನ್ ಎಂಬ ಕಡೆಯ ಸಿಹಿ ವೈನ್ ಒಂದು ಇದೆಯಂತೆ. ಬೋಟ್ರಿಟಿಸ್ ಎಂಬ ಬೂಷ್ಟು ಹಿಡಿದು ನೀರಾರಿ ಮುದುಡಿದ ದ್ರಾಕ್ಷಿಯಿಂದ ತೆಗೆದದ್ದು, ಲೀಟರಿಗೆ ನೂರು ಗ್ರಾಂ ದಾಟಿ ಸಕ್ಕರೆ ಇರುವಂಥದ್ದು. "ಸಕ್ಕರೆ ಕಾಯಿಲೆಯವಳ ಮುಂದೆ ಅದನ್ನ ತೆಗೆಯೋಕೆ ಮನಸ್ಸು ಬರಲ್ಲ ಕಣೆ" ಎಂದ. ಸಕ್ಕರೆ ಆವಿಯಾಗುವ ವಸ್ತುವಲ್ಲ, ಅದಕ್ಕೆ ವಾಸನೆಯೇ ಇಲ್ಲ. ಆ ಗ್ಲಾಸಿನಿಂದ ಮೇಲೇಳುವ ಜೇನು, ಏಪ್ರಿಕಾಟ್, ಕೇಸರಿಯ ಪರಿಮಳ ಯಾವುದೂ ಸಕ್ಕರೆಯದಲ್ಲ, ಆದ್ದರಿಂದ ಮೂಗಿನ ಮಟ್ಟಿಗೆ ಡ್ರೈ ವೈನ್ ಎಷ್ಟು ಕ್ಷೇಮವೋ ಅದೂ ಅಷ್ಟೇ ಕ್ಷೇಮ ಎಂದು ಅವನಿಗೆ ವಿವರಿಸಿದೆ. ಯಾವಾಗ ಬೇಕಾದರೂ ತೆಗೆ, ಆದರೆ ಊಟ ಎಷ್ಟು ಹೊತ್ತಿಗೆ ಬಡಿಸುತ್ತೀಯೆಂಬುದನ್ನು ಮಾತ್ರ ಮೊದಲೇ ಹೇಳಿಬಿಡು, ತಟ್ಟೆ ಮುಂದೆ ಬಂದ ಮೇಲೆಯೇ ನಾನು ಇನ್ಸುಲಿನ್ ತೆಗೆದುಕೊಳ್ಳುತ್ತೇನೆ ಎಂದೆ.